ಕೀರ್ದಿ ಉಳೀತು, ಖತಾವಣಿ ಹೋತು: ಬಂದ್ ಆದ ಎಐ ಪ್ಲಾಟ್‌ಫಾರ್ಮ್‌ಗಳ ಹದಿನೈದು ವರ್ಷ

ವಿಜಯಪುರದ ಜಲನಗರದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಸಂಚಿಕೆಯೂ ಇತಿಹಾಸದ್ದೇ. ಆದರೆ ಗೋಲಗುಮ್ಮಟ ಬರೋದಿಲ್ಲ, ಆದಿಲ್ ಶಾಹಿಗಳು ಒಂದು ಕಡೆ ಮಾತ್ರ ಇಣುಕಿ ಹೋಗ್ತಾರೆ. ಇದು ಬರೀ ಹದಿನೈದು ವರ್ಷದ ಇತಿಹಾಸ. ಅಷ್ಟು ಹೊಸದಕ್ಕೆ ಇತಿಹಾಸ ಅಂತಾರೇನು ಅಂತ ನೀವು ಕೇಳಬಹುದು. ಹುಟ್ಟಿ, ಬೆಳೆದು, ಎರಡು ಸಲ ಹೆಸರು ಬದಲಿಸಿ, ಬಂದ್ ಆಗಿ, ಕಡೆಗೆ ಅಳಿಸಿಯೂ ಹೋದದ್ದಕ್ಕೆ ಮತ್ತೇನನ್ನೋಣ?

ಶುರು ಆಗಿದ್ದು ಒಂದು ಫೋನಿಂದ. ಟಿಕೋಟಾದಿಂದ ನಮ್ಮ ಕಾಕಾ ಮಾಡಿದ್ದರು. ಅವರದು ದ್ರಾಕ್ಷಿ ತೋಟ. ಟಿಕೋಟಾ ಕಡೆ ದ್ರಾಕ್ಷಿ ಅಂದ್ರೆ ಬಹಳ ಮಂದಿಗೆ ಹಣ್ಣಲ್ಲ, ಒಣದ್ರಾಕ್ಷಿ. ಶೆಡ್ಡಿನಾಗ ಸಾಲು ಸಾಲು ಜಾಳಿಗೆ ಮೇಲೆ ಹಾಕಿ ಒಣಗಿಸಿ, ಬಣ್ಣ ನೋಡಿ ಬೇರೆ ಮಾಡಿ, ಬಾಕ್ಸ್ ತುಂಬಿ, ಒಂದೋ ವಿಜಯಪುರದ ಎಪಿಎಂಸಿಗೆ, ಇಲ್ಲಾ ಗಡಿ ದಾಟಿ ಸಾಂಗಲಿ, ತಾಸಗಾಂವ ಲಿಲಾವಿಗೆ. ರೇಟು ಬರಲಿಲ್ಲ ಅಂದ್ರೆ ಕೋಲ್ಡ್ ಸ್ಟೋರೇಜ್. ಅಲ್ಲಿ ಇಟ್ಟಷ್ಟು ದಿನ ಬಾಡಿಗೆ.

ಕಾಕಾ ಕೇಳಿದ್ದು ಇಷ್ಟೇ: “ಏನವಾ, ನಿನ್ನ ಮಷೀನ್ ಈ ವರ್ಷ ಏನಂತೈತಿ? ಮಾಲು ಮಾರ್ಲೋ, ಸ್ಟೋರೇಜ್‌ನಾಗ ಇಡ್ಲೋ?”

“ಮಷೀನ್ ಬಂದ್ ಆಗೈತ್ರಿ ಕಾಕಾ.”

“ಬಂದ್ ಆಗೈತಿ ಅಂದ್ರ? ಕರೆಂಟ್ ಇಲ್ಲೇನು?”

ಆ ಪ್ರಶ್ನೆಗೆ ಫೋನಿನಾಗ ಉತ್ತರ ಕೊಡೋಕೆ ಆಗಲಿಲ್ಲ. ಈ ಸಂಚಿಕೆ ಅದರ ಉತ್ತರ ಅಂತ ತಿಳ್ಕೊಳ್ರಿ.

2020ರ ಲಾಕ್‌ಡೌನ್‌ನಾಗ ನಾನು ಆಗಷ್ಟೇ ಬಿಕಾಂ ಮುಗಿಸಿ ಮನೆಯಲ್ಲಿ ಕುಂತಿದ್ದೆ. ಗೆಳತಿಯೊಬ್ಬಳು ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದಳು. ಕಾಕಾನ ಹತ್ತಿರ ಏಳೆಂಟು ವರ್ಷದ ನೋಟ್‌ಬುಕ್ ಇದ್ದವು. ಯಾವ ದಿನ, ಎಷ್ಟು ಮಾಲು, ಏನು ರೇಟು, ಯಾವ ಅಡತಿ ಅಂಗಡಿ, ಎಲ್ಲ ಪೆನ್ನಿನಾಗ. ನಾನು ಅದನ್ನ ಎಕ್ಸೆಲ್‌ಗೆ ಹಾಕಿದೆ, ಆಕೆ ಒಂದು ಕ್ಲೌಡ್ ಕಂಪನಿಯ ಎಐ ಪ್ಲಾಟ್‌ಫಾರ್ಮ್ ಮೇಲೆ ಮಾಡೆಲ್ ಕಟ್ಟಿದಳು. ಯಾವ ಕಂಪನಿ ಅಂತ ಹೇಳೋದಿಲ್ಲ, ಯಾಕಂದ್ರೆ ಮುಂದೆ ಆಗಿದ್ದು ನಮ್ಮದೇ ತಪ್ಪು. ತಿಂಗಳು, ಹಿಂದಿನ ವಾರದ ರೇಟು, ಮಾಲಿನ ದರ್ಜೆ ಕೊಟ್ಟರೆ ಮುಂದಿನ ಎರಡು ವಾರದ ರೇಟು ಇಷ್ಟಿಂದ ಇಷ್ಟು ಅಂತ ಅದು ಅಂದಾಜು ಹೇಳೋದು. ಕಾಕಾ ಅದನ್ನೇ ನಂಬಿ ವ್ಯಾಪಾರ ಮಾಡಿದರು ಅಂತಲ್ಲ. ಆದರೆ ಮೂರ್ನಾಲ್ಕು ಸಲ ಕೇಳಿದರು, ಎರಡು ಸಲ ಅದರ ಮಾತು ಕೇಳಿ ಮಾಲು ಹಿಡಿದಿಟ್ಟರು. ಒಂದು ಸಲ ಚಲೋ ಆತು, ಇನ್ನೊಂದು ಸಲ ಬಾಡಿಗೆ ಮೈಮೇಲೆ ಬಂತು.

ಆಮೇಲೆ ಗೆಳತಿ ಪುಣೆಗೆ ಕೆಲಸಕ್ಕೆ ಹೋದಳು. ನಾನು ಮೊದಲು ಒಂದು ಅಕೌಂಟ್ಸ್ ಆಫೀಸು, ಆಮೇಲೆ ಈ ಪಾಡ್‌ಕಾಸ್ಟ್. ಪ್ಲಾಟ್‌ಫಾರ್ಮ್ ಬಂದ್ ಆಗ್ತದೆ, ಹೊಸದಕ್ಕೆ ಹೋಗ್ರಿ, ಇಂಥ ತಾರೀಖಿನ ಒಳಗೆ ನಿಮ್ಮ ಸಾಮಾನು ತಗೊಳ್ರಿ ಅಂತ ಮೇಲ್ ಬಂದಿದ್ದವು. ಬಂದಿದ್ದು ಪ್ರಾಜೆಕ್ಟಿಗೆ ಅಂತ ಮಾಡಿದ್ದ ಐಡಿಗೆ. ಅದನ್ನ ಇಬ್ಬರೂ ತೆರೆಯೋದೇ ಬಿಟ್ಟಿದ್ದೆವು. ಕಾಕಾ ಫೋನ್ ಮಾಡಿದ ದಿನ ಲಾಗಿನ್ ಆಗೋಕೆ ಹೋದರೆ ಆ ಪುಟವೇ ಇಲ್ಲ.

ಈಗ ಇತಿಹಾಸಕ್ಕೆ ಬರ್ತೀನಿ. ಅದಕ್ಕೂ ಮೊದಲು ಪ್ಲಾಟ್‌ಫಾರ್ಮ್ ಅಂದ್ರೆ ಏನು ಅಂತ ನಮ್ಮ ಭಾಷೆಯಾಗ ಹೇಳಿಬಿಡ್ತೀನಿ. ಅಡತಿ ಅಂಗಡಿ ಇದ್ದಂಗ. ತಕ್ಕಡಿ ಅವರದು, ಗೋದಾಮು ಅವರದು, ಹಮಾಲರು ಅವರ ಕಡೆಯವರು. ನೀವು ಮಾಲು ತಗೊಂಡು ಹೋದರೆ ಸಾಕು, ಬಳಸಿದಷ್ಟಕ್ಕೆ ದುಡ್ಡು. ಎಐ ಪ್ಲಾಟ್‌ಫಾರ್ಮ್‌ನಾಗ ಮಾಲು ಅಂದ್ರೆ ಡೇಟಾ. ಅವರ ಕಂಪ್ಯೂಟರು, ಅವರ ಸಲಕರಣೆ. ಅಲ್ಲಿ ನಿಮ್ಮ ಡೇಟಾ ಮೇಲೆ ತರಬೇತಿ ಕೊಟ್ಟಾಗ ತಯಾರಾಗೋದು ಮಾಡೆಲ್. ಆ ಮಾಡೆಲ್‌ಗೆ ಹೊರಗಿಂದ ಪ್ರಶ್ನೆ ಕೇಳೋ ವಿಳಾಸಕ್ಕೆ ಎಂಡ್‌ಪಾಯಿಂಟ್ ಅಂತಾರೆ. ಕ್ಲೌಡ್ ಅಂದ್ರೆ ಆಕಾಶದಲ್ಲೇನಿಲ್ಲ. ಮೈಕ್ರೋಸಾಫ್ಟ್ ಭಾರತದಲ್ಲಿ ಕ್ಲೌಡ್ ಕೇಂದ್ರ ತೆರೆದದ್ದು 2015ರಲ್ಲಿ, ಪುಣೆ, ಚೆನ್ನೈ, ಮುಂಬೈನಲ್ಲಿ. 2016ಕ್ಕೆ ಅಮೆಜಾನ್ ಮುಂಬೈಗೆ ಬಂತು, 2017ಕ್ಕೆ ಗೂಗಲ್ ಕೂಡ. ನಮ್ಮ ದ್ರಾಕ್ಷಿ ಹೋಗೋ ದಾರಿಯಲ್ಲೇ ಇನ್ನೊಂದಿಷ್ಟು ಮುಂದೆ ಹೋದರೆ ಕ್ಲೌಡ್ ಸಿಗ್ತದೆ ಅಂತ ತಿಳ್ಕೊಳ್ರಿ.

ಇಂಥ ಅಂಗಡಿಗಳಲ್ಲಿ ಮೊದಲಿನವುಗಳಲ್ಲೊಂದು ಗೂಗಲ್‌ನ ಪ್ರಿಡಿಕ್ಷನ್ ಎಪಿಐ. 2010ರಲ್ಲಿ ಬಂತು. ಒಂದು ಕೋಷ್ಟಕ ಕೊಟ್ಟರೆ ಅದೇ ಕಲಿತು ಉತ್ತರ ಹೇಳೋದು, ಒಳಗೆ ಏನು ನಡೀತಿದೆ ಅಂತ ನಿಮಗೆ ಕಾಣೋದಿಲ್ಲ. 2018ರ ಏಪ್ರಿಲ್ 30ಕ್ಕೆ ಅದು ಪೂರ್ತಿ ಬಂದ್. ಅಷ್ಟರಲ್ಲಿ 2016ರಲ್ಲಿ ಗೂಗಲ್ ಕ್ಲೌಡ್ ಮಷೀನ್ ಲರ್ನಿಂಗ್ ಅನ್ನೋದನ್ನ ತಂದಿತ್ತು. 2019ರಲ್ಲಿ ಅದರ ಹೆಸರು ಎಐ ಪ್ಲಾಟ್‌ಫಾರ್ಮ್ ಆಯಿತು. 2021ರ ಮೇನಲ್ಲಿ ಉತ್ತರಾಧಿಕಾರಿ ಬಂತು, ವರ್ಟೆಕ್ಸ್ ಎಐ. 2025ರ ಜನವರಿ 31ರ ನಂತರ ಹಳೆಯ ಎಐ ಪ್ಲಾಟ್‌ಫಾರ್ಮ್‌ನಲ್ಲಿ ಉಳಿದ ಮಾಡೆಲ್‌ಗಳನ್ನೆಲ್ಲ ಅಳಿಸ್ತೀವಿ ಅಂತ ಗೂಗಲ್ ಮೊದಲೇ ತಾರೀಖು ಹೇಳಿತ್ತು.

ಅಮೆಜಾನ್ ಕಥೆಯೂ ಹಂಗೇ. 2015ರಲ್ಲಿ ಅಮೆಜಾನ್ ಮಷೀನ್ ಲರ್ನಿಂಗ್, 2017ರ ನವೆಂಬರ್‌ನಲ್ಲಿ ಸೇಜ್‌ಮೇಕರ್. ಸೇಜ್‌ಮೇಕರ್ ಬಂದ ಮೇಲೆ ಹಳೆಯದಕ್ಕೆ ಹೊಸ ಗಿರಾಕಿಗಳನ್ನ ತಗೊಳ್ಳೋದು ನಿಂತಿತು. 2024ರ ಕೊನೆಗೆ ಸೇಜ್‌ಮೇಕರ್‌ಗೂ ಹೆಸರು ಬದಲಿ, ಸೇಜ್‌ಮೇಕರ್ ಎಐ. ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ತನ್ನ ಅಜೂರ್ ಎಐ ಸ್ಟುಡಿಯೋಗೆ ಫೌಂಡ್ರಿ ಅಂತ ಹೆಸರಿಟ್ಟಿತು. ಹೆಸರು ಬದಲಿಸೋದು ನಮಗೇನು ಹೊಸದಲ್ಲ. 2014ರ ನವೆಂಬರ್ 1ರವರೆಗೆ ಬಿಜಾಪುರ, ಆಮೇಲೆ ವಿಜಯಪುರ. ಆದರೆ ನಮ್ಮೂರಿನ ಹೆಸರು ಬದಲಾದಾಗ ಯಾರ ಮನೆಯೂ ಅಳಿಸಿ ಹೋಗಲಿಲ್ಲ.

ಇವರೆಲ್ಲ ಯಾಕೆ ಹಿಂಗ ಹಳೇದು ಮುಚ್ಚಿ ಹೊಸದು ತೆರೀತಾರೆ? ಬರೀ ದುಡ್ಡಿನ ಆಸೆ ಅಂತ ಹೇಳಿ ಮುಗಿಸೋದು ಸುಲಭ. ಪೂರ್ತಿ ಖರೆ ಅಲ್ಲ. 2010ರ ಸುಮಾರಿನ ಸಲಕರಣೆಗಳನ್ನ ಕಟ್ಟಿದ್ದು ಚಿಕ್ಕ ಕೋಷ್ಟಕಗಳಿಗೆ, ಅಂದ್ರೆ ಕಾಕಾನ ನೋಟ್‌ಬುಕ್‌ನಂಥವಕ್ಕೆ. ಆಮೇಲೆ ಚಿತ್ರ, ಧ್ವನಿ, ಭಾಷೆ ಕಲಿಯೋ ದೊಡ್ಡ ಮಾಡೆಲ್‌ಗಳು ಬಂದವು, ಅವಕ್ಕೆ ಜಿಪಿಯು ಬೇಕಾಯಿತು. ಅವಸರಕ್ಕೆ ಒಂದರ ಪಕ್ಕ ಒಂದು ಅಂಗಡಿ ತೆರೆದರು. ಗೂಗಲ್‌ನಲ್ಲಿ ಕೋಡ್ ಬರೆಯದೆ ಮಾಡೆಲ್ ಕಟ್ಟೋ ಆಟೋಎಂಎಲ್ ಒಂದು ಕಡೆ, ಎಐ ಪ್ಲಾಟ್‌ಫಾರ್ಮ್ ಇನ್ನೊಂದು ಕಡೆ ಇತ್ತು. ವರ್ಟೆಕ್ಸ್ ಅಂದ್ರೆ ಎರಡೂ ಅಂಗಡಿ ಒಡೆದು ಒಂದೇ ಮಾಡಿದ್ದು. ಅಣ್ಣತಮ್ಮರು ಬೇರೆ ಆಗೋದು ಕೇಳೀವಿ, ಇಲ್ಲಿ ಕೂಡಿ ಬಂದರು. ಬೇರೆ ಆದಾಗ ಹೆಂಗೋ ಕೂಡುವಾಗಲೂ ಹಂಗೇ ನೋಡ್ರಿ, ಯಾವ ಪಾತ್ರೆ ಯಾವ ಕಪಾಟಿನಾಗ ಅಂತ ಮತ್ತೆ ಹುಡುಕಬೇಕು.

ಇದರಲ್ಲಿ ನನಗೆ ಬಹಳ ಮನಸ್ಸಿಗೆ ಹತ್ತಿದ್ದು ಮೈಕ್ರೋಸಾಫ್ಟ್‌ನ ಹಳೆಯ ಅಜೂರ್ ಮಷೀನ್ ಲರ್ನಿಂಗ್ ಸ್ಟುಡಿಯೋದ ಕಥೆ. ಆಮೇಲೆ ಅದಕ್ಕೆ ‘ಕ್ಲಾಸಿಕ್’ ಅಂತ ಬಾಲ ಹಚ್ಚಿದರು. ಯಾವುದಕ್ಕಾದರೂ ಕ್ಲಾಸಿಕ್ ಅಂತ ಹೆಸರು ಬಂದರೆ ತಿಳ್ಕೊಂಡುಬಿಡ್ರಿ, ಅದರ ದಿನ ಮುಗೀತು. 2014ರಲ್ಲಿ ಬಂದಿದ್ದು. ಬ್ರೌಸರ್‌ನಲ್ಲಿ ಡಬ್ಬಿ ಎಳೆದು ಇಡೋದು, ಡಬ್ಬಿಯಿಂದ ಡಬ್ಬಿಗೆ ಗೆರೆ ಹಚ್ಚೋದು, ರನ್ ಒತ್ತೋದು. ಕೋಡ್ ಬರಬೇಕಂತಿಲ್ಲ. ಇನ್ನೊಂದು ಮುಖ್ಯ ಮಾತು: ಬರೀ ಒಂದು ಮೈಕ್ರೋಸಾಫ್ಟ್ ಐಡಿ ಇದ್ದರೆ ಪುಕ್ಕಟೆ ಬಳಸಬಹುದಿತ್ತು, ಕ್ರೆಡಿಟ್ ಕಾರ್ಡ್ ಕೇಳ್ತಿರಲಿಲ್ಲ. 10 ಜಿಬಿ ಜಾಗ, ಒಂದು ಪ್ರಯೋಗಕ್ಕೆ 100 ಡಬ್ಬಿ, ಒಂದು ತಾಸು ಓಡೋ ಅವಕಾಶ.

ಕ್ರೆಡಿಟ್ ಕಾರ್ಡ್ ಇಲ್ಲದ ಬಿಕಾಂ, ಬಿಎಸ್ಸಿ ಹುಡುಗ ಹುಡುಗಿಯರಿಗೆ ಅದು ಎಂಥ ಬಾಗಿಲು ಅಂತ ದೊಡ್ಡ ಊರಿನವರಿಗೆ ಗೊತ್ತಾಗೋದು ಕಷ್ಟ. 2021ರ ಆಗಸ್ಟ್‌ನಲ್ಲಿ ಇದನ್ನ ಮುಚ್ಚೋ ಸುದ್ದಿ ಬಂತು. ಆ ವರ್ಷ ಡಿಸೆಂಬರ್ 1ರಿಂದ ಹೊಸದಾಗಿ ಯಾರೂ ಒಳಗೆ ಬರೋ ಹಂಗಿಲ್ಲ. 2024ರ ಆಗಸ್ಟ್ 31ಕ್ಕೆ ಇದ್ದವರಿಗೂ ಕೊನೆ. ಮೂರು ವರ್ಷದ ವಾಯಿದೆ ಕಡಿಮೆ ಏನಲ್ಲ. ಹೊಸದರಲ್ಲೂ ಡಬ್ಬಿ ಎಳೆಯೋ ಡಿಸೈನರ್ ಇದೆ. ಆದರೆ ಅಲ್ಲಿಗೆ ಅಜೂರ್ ಚಂದಾ ಬೇಕು, ಓಡಿದಷ್ಟು ಹೊತ್ತು ಕಂಪ್ಯೂಟರ್‌ಗೆ ದುಡ್ಡು ಬೇಕು. ಸ್ಥಳಾಂತರದ ಮಾತು ಬಂದಾಗ ಸಲಕರಣೆ ಪಟ್ಟಿ ಎಲ್ಲರೂ ಹೇಳ್ತಾರೆ. ಪುಕ್ಕಟೆ ಬಾಗಿಲಿನಿಂದ ಬಂದವರು ಎಲ್ಲಿ ಹೋದರು ಅಂತ ಯಾವ ಪಟ್ಟಿಯಲ್ಲೂ ಇರೋದಿಲ್ಲ.

ಹಂಗಾದರೆ ದುಡ್ಡು ಇದ್ದವರು ಹೆಂಗ ಹೋದರು? ಇಲ್ಲೇ ವಿಷಯದ ತಿರುಳಿದೆ. ಹಳೇ ಸ್ಟುಡಿಯೋದ ಡೇಟಾವನ್ನ ಇಳಿಸಿಕೊಂಡು ಹೊಸದಕ್ಕೆ ಏರಿಸಬಹುದಿತ್ತು. ಪ್ರಯೋಗಗಳನ್ನ, ಅಂದ್ರೆ ಆ ಡಬ್ಬಿ-ಗೆರೆ ನಕ್ಷೆಯನ್ನ, ಕೈಯಿಂದಲೇ ಮತ್ತೆ ಕಟ್ಟಬೇಕಿತ್ತು. ಹಳೇ ಡಬ್ಬಿಗೆ ಹೊಸ ಡಬ್ಬಿ ಯಾವುದು ಅಂತ ಮೈಕ್ರೋಸಾಫ್ಟ್ ಒಂದು ಕೋಷ್ಟಕ ಕೊಟ್ಟಿತ್ತು, ಕೆಲವಕ್ಕೆ ಜೋಡಿಯೇ ಇರಲಿಲ್ಲ. ಆರ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ ಇದ್ದರೆ ಅದನ್ನ ಹೊಸ ಅಚ್ಚಿಗೆ ತಿದ್ದಬೇಕು. ತರಬೇತಿ ಆದ ಮಾಡೆಲ್ ಮಾತ್ರ ಇದ್ದಂಗೇ ಎತ್ತಿಕೊಂಡು ಹೋಗೋಕೆ ಬರೋದಿಲ್ಲ. ಹೊಸ ಮನೆಯಲ್ಲಿ ಮತ್ತೆ ತರಬೇತಿ ಕೊಡಬೇಕು.

ಗೂಗಲ್‌ನಲ್ಲಿ ಇನ್ನೊಂದು ಥರದ ಗೊಂದಲ. ಹಳೇ ಎಐ ಪ್ಲಾಟ್‌ಫಾರ್ಮ್‌ನಲ್ಲಿ ‘ಮಾಡೆಲ್’ ಅಂದ್ರೆ ಒಂದು ಡಬ್ಬ, ಅದರೊಳಗೆ ಒಂದನೇ ಆವೃತ್ತಿ, ಎರಡನೇ ಆವೃತ್ತಿ. ವರ್ಟೆಕ್ಸ್‌ನಲ್ಲಿ ‘ಮಾಡೆಲ್’ ಅಂದ್ರೆ ನೀವು ಏರಿಸಿದ ಆ ವಸ್ತುವೇ, ಅದನ್ನ ‘ಎಂಡ್‌ಪಾಯಿಂಟ್’ ಅನ್ನೋ ಬೇರೆ ಜಾಗಕ್ಕೆ ಹಚ್ಚಬೇಕು. ಶಬ್ದ ಅದೇ, ಅರ್ಥ ಬೇರೆ. ಇದನ್ನ ಓದುವಾಗ ನನಗೆ ನಮ್ಮ ತಾಲೂಕುಗಳೇ ನೆನಪಾದವು. 2017ರ ಬಜೆಟ್‌ನಲ್ಲಿ ಟಿಕೋಟಾ, ಬಬಲೇಶ್ವರ ಹೊಸ ತಾಲೂಕು ಅಂತ ಘೋಷಣೆ ಆದವು. ಅದಕ್ಕೂ ಮೊದಲಿನ ಕಾಗದದಲ್ಲಿ ‘ವಿಜಯಪುರ ತಾಲೂಕು’ ಅಂತ ಇದ್ದರೆ ಅದರೊಳಗೆ ಕಾಕಾನ ತೋಟ ಇದೆ. ಈಗಿನ ಕಾಗದದಲ್ಲಿ ಅದೇ ಹೆಸರು ಇದ್ದರೆ ಒಳಗೆ ಕಾಕಾನ ತೋಟ ಇಲ್ಲ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದವರ ಗತಿ ಏನು?

ಕನ್ನಡದವರಿಗೆ ಇಂಥ ಸ್ಥಳಾಂತರ ಮೊದಲನೇದಲ್ಲ. ಬರಹ, ನುಡಿ ನೆನಪಿರಬೇಕು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ನುಡಿ ಕನ್ನಡ ಗಣಕ ಪರಿಷತ್ತಿನದು. ಹಳೇ ನುಡಿ ಫಾಂಟ್‌ನಲ್ಲಿ ಬರೆದ ಕಡತವನ್ನ ಇವತ್ತಿನ ಮೊಬೈಲ್‌ನಲ್ಲಿ ತೆರೆದು ನೋಡ್ರಿ, ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಟೋಪಿ ಹಚ್ಚಿದಂಗ ಕಾಣ್ತದೆ. ಕಂಪ್ಯೂಟರ್ ಒಳಗೆ ಇದ್ದದ್ದು ಇಂಗ್ಲಿಷ್ ಗುರುತುಗಳೇ, ಫಾಂಟ್ ಮಾತ್ರ ಕನ್ನಡದ ವೇಷ ಹಾಕಿತ್ತು. ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ತನ್ನದೇ ಜಾಗ ಇದೆ, ಆದರೆ ಸರ್ಕಾರಿ ಕಚೇರಿ, ಪ್ರೆಸ್ಸುಗಳು ಅದಕ್ಕೆ ಬರೋಕೆ ವರ್ಷಗಟ್ಟಲೆ ಹಿಡೀತು. ಆದರೂ ಅದು ಸುಲಭದ ಸ್ಥಳಾಂತರ. ಈ ಗುರುತಿಗೆ ಈ ಅಕ್ಷರ ಅಂತ ಪಟ್ಟಿ ಮಾಡಿದರೆ ಪರಿವರ್ತಕ ತಂತ್ರಾಂಶ ಉಳಿದದ್ದು ಮಾಡ್ತದೆ. ಒತ್ತಕ್ಷರ ಎಲ್ಲೋ ತಪ್ಪಿದರೆ ಓದುವಾಗ ಕಣ್ಣಿಗೆ ಬೀಳ್ತದೆ. ಮಾಡೆಲ್ ತಪ್ಪಿದರೆ ಕಣ್ಣಿಗೆ ಬೀಳೋದಿಲ್ಲ, ಅದೂ ಒಂದು ಅಂಕಿಯನ್ನೇ ಕೊಡ್ತದೆ.

ಎಐ ಸ್ಥಳಾಂತರಕ್ಕೆ ನಿಜವಾಗಿ ಹತ್ತಿರ ಬರೋದು ಭೂಮಿ ಯೋಜನೆ. ಉತಾರ ತೆಗೆಸೋಕೆ ಹೋದವರಿಗೆಲ್ಲ ಗೊತ್ತು. ಮೊದಲು ಉತಾರ ತಲಾಠಿ ಕೈಬರಹದಾಗ ಇತ್ತು. ತಲಾಠಿ ಅನ್ನೋ ಹೆಸರೂ ಕಾಗದದಿಂದ ಹೋಗಿ ಗ್ರಾಮ ಲೆಕ್ಕಾಧಿಕಾರಿ ಆಗಿ, ಈಗ ಗ್ರಾಮ ಆಡಳಿತ ಅಧಿಕಾರಿ ಆಗಿದೆ, ಕಾಕಾ ಇನ್ನೂ ತಲಾಠಿ ಅಂತಾರೆ. 1990ರ ದಶಕದಲ್ಲೇ ಭೂದಾಖಲೆಗಳನ್ನ ಕಂಪ್ಯೂಟರಿಗೆ ಹಾಕೋ ಪ್ರಯತ್ನ ಆಗಿತ್ತು. ಆದರೆ ಕಂಪ್ಯೂಟರ್ ಇದ್ದದ್ದು ಜಿಲ್ಲಾ ಮಟ್ಟದಲ್ಲಿ, ದಾಖಲೆ ಬದಲಾಗೋದು ತಾಲೂಕಿನಲ್ಲಿ. ಒಂದು ಸಲ ತುಂಬಿದ್ದು ಅಲ್ಲೇ ಹಳಸಿತು. ಕೈಬರಹದ ಪುಸ್ತಕ ಮುಂದೆ ಹೋಗ್ತಾನೇ ಇತ್ತು, ಯಂತ್ರದ ಪ್ರತಿ ನಿಂತಲ್ಲೇ ನಿಂತಿತ್ತು.

ಭೂಮಿ ಯೋಜನೆ ಈ ತಪ್ಪನ್ನ ತಿದ್ದಿತು. ಕಂದಾಯ ಇಲಾಖೆ ಮತ್ತು ಎನ್‌ಐಸಿ ಸೇರಿ ಮಾಡಿದ ಕೆಲಸ, ಮುಂದೆ ನಿಂತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. 2002ರ ಹೊತ್ತಿಗೆ ರಾಜ್ಯದ 177 ತಾಲೂಕುಗಳಲ್ಲಿ ಕೇಂದ್ರಗಳು ಬಂದವು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು. ಒಂದು ಪ್ರತಿಗೆ ಆಗ 15 ರೂಪಾಯಿ. ತುಂಬಿದ್ದನ್ನ ಅಚ್ಚು ಹಾಕಿ, ತಲಾಠಿಗಳು ಮೂಲ ಪುಸ್ತಕದ ಜೊತೆ ತಾಳೆ ನೋಡಿ ತಿದ್ದಬೇಕಿತ್ತು. ಅದಾದ ಮೇಲೆ ಕಟುವಾದ ಹೆಜ್ಜೆ: ಆ ತಾಲೂಕಿನಲ್ಲಿ ಕೈಬರಹದ ಉತಾರಕ್ಕೆ ಕಿಮ್ಮತ್ತಿಲ್ಲ ಅಂತ ಘೋಷಣೆ. ಇವತ್ತಿನಿಂದ ಕಂಪ್ಯೂಟರಿನದೇ ಉತಾರ.

ಹಳೇ ಪ್ಲಾಟ್‌ಫಾರ್ಮ್‌ಗೆ ಕೊನೇ ತಾರೀಖು ಇಡೋದು ಅಂದ್ರೆ ಇದೇ. ಅಕೌಂಟ್ಸ್ ಆಫೀಸಿನಲ್ಲಿ ಕೆಲಸ ಮಾಡಿದಾಕಿ ನಾನು, ಇದನ್ನ ಒಪ್ತೀನಿ. ಎರಡು ಪುಸ್ತಕ ಒಟ್ಟಿಗೆ ನಡೆದರೆ ಯಾರಿಗೆ ಯಾವುದು ಅನುಕೂಲವೋ ಅದನ್ನ ತೋರಿಸ್ತಾರೆ. ಒಂದನ್ನ ಮುಚ್ಚಲೇಬೇಕು. ಕ್ಲೌಡ್ ಕಂಪನಿ ತಾರೀಖು ಇಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ.

ಫರಕು ಬೇರೆ ಕಡೆ ಇದೆ. ಅದನ್ನ ಹೇಳೋಕೆ ಬಿಕಾಂ ಮೊದಲ ವರ್ಷದ ಪಾಠ ಬೇಕು. ಕೀರ್ದಿ ಮತ್ತು ಖತಾವಣಿ. ಕೀರ್ದಿ ಅಂದ್ರೆ ದಿನದಿನದ ನಮೂದು, ಇವತ್ತು ಇಂಥವರಿಗೆ ಇಷ್ಟು ಮಾಲು, ಇಷ್ಟು ರೊಕ್ಕ. ಖತಾವಣಿ ಅಂದ್ರೆ ಅದರಿಂದ ಖಾತೆವಾರು ತೆಗೆದ ಲೆಕ್ಕ, ಕೊನೆಗೆ ಶಿಲ್ಕು. ಖತಾವಣಿ ಸುಟ್ಟು ಹೋದರೆ ಕೀರ್ದಿ ಇಟ್ಟುಕೊಂಡು ಮತ್ತೆ ಬರೀಬಹುದು, ಬೇಸರದ ಕೆಲಸ ಅಷ್ಟೇ. ಕೀರ್ದಿ ಸುಟ್ಟರೆ ಖತಾವಣಿಯಿಂದ ಅದನ್ನ ಹುಟ್ಟಿಸೋಕೆ ಬರೋದಿಲ್ಲ, ಶಿಲ್ಕು ಎಷ್ಟು ಅಂತ ಗೊತ್ತಿರ್ತದೆ, ಹೆಂಗ ಬಂತು ಅಂತ ಗೊತ್ತಿರೋದಿಲ್ಲ. ಉತಾರ ಖತಾವಣಿ ಇದ್ದಂಗ, ಈಗ ಜಮೀನು ಯಾರದು ಅಂತ ಹೇಳ್ತದೆ. ಹಕ್ಕು ಬದಲಾವಣೆ ರಜಿಸ್ಟರು ಕೀರ್ದಿ ಇದ್ದಂಗ, ಅಪ್ಪನಿಂದ ಮಗನಿಗೆ, ಮಾರಿದವರಿಂದ ಕೊಂಡವರಿಗೆ ಹೆಂಗ ಬಂತು ಅಂತ ಹೇಳ್ತದೆ. ಮಾಡೆಲ್ ಅನ್ನೋದು ಶಿಲ್ಕು. ಕಾಕಾನ ನೋಟ್‌ಬುಕ್ ಕೀರ್ದಿ.

ಭೂಮಿ ಬಂದಾಗ ಉತಾರ ಹೊಸ ಮನೆಗೆ ಹೋಯಿತು, ಆದರೆ ಹಳೇ ರಜಿಸ್ಟರುಗಳನ್ನ ಸರ್ಕಾರ ಸುಡಲಿಲ್ಲ. ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಗಂಟು ಕಟ್ಟಿ ಇಟ್ಟರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆದ ಮೇಲೆ, ಈಗ ಭೂ ಸುರಕ್ಷಾ ಯೋಜನೆಯಲ್ಲಿ ಆ ಗಂಟು ಬಿಚ್ಚಿ ಸ್ಕ್ಯಾನ್ ಮಾಡ್ತಾ ಇದ್ದಾರೆ. ತಕರಾರು ಬಂದಾಗ ಜನ ಹುಡುಕಿಕೊಂಡು ಹೋಗೋದು ಆ ಗಂಟನ್ನೇ. ನಮ್ಮೂರಿನ ಗುಣವೂ ಹಂಗೇ ಅನ್ರಿ. 1651ರ ಬೇಗಂ ತಲಾಬ್‌ನಿಂದ ಊರಿಗೆ ನೀರು ತಂದ ಮಣ್ಣಿನ ಕೊಳವೆಗಳ ಕಾಲ ಮುಗಿದು ಎಷ್ಟೋ ಆತು, ನಲ್ಲಿ ನೀರು ಬಂತು, ಆದರೂ ತಲಾಬ್ ಅಲ್ಲೇ ಇದೆ, ತಾಜ್ ಬಾವಡಿಯೂ ಇದೆ. ಕ್ಲೌಡ್‌ನಲ್ಲಿ ಆ ಕಾಲದ ಅವಶೇಷ ಅಂತ ಏನೂ ಉಳಿಯೋದಿಲ್ಲ. ತಾರೀಖು ದಾಟಿದ ಮೇಲೆ ಅಳಿಸ್ತಾರೆ, ಆ ಜಾಗಕ್ಕೆ ಬೇರೆಯವರ ಡೇಟಾ ಬರ್ತದೆ. ಅಲ್ಲಿ ಅಭಿಲೇಖಾಲಯ ನಡೆಸೋ ಜವಾಬ್ದಾರಿ ಬಳಸಿದವರದು. ನಾವು ಅದನ್ನ ಮಾಡಿರಲಿಲ್ಲ. ಮಾಡೆಲ್ ಕಡತ ಇಳಿಸಿಟ್ಟಿರಲಿಲ್ಲ. ಗೆಳತಿ ಬರೆದ ಕೋಡ್ ಅರ್ಧಕ್ಕರ್ಧ ಆಕೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಸಿಕ್ಕಿತು. ನನ್ನ ಎಕ್ಸೆಲ್ ಇತ್ತು, ಆದರೆ ಯಾವ ಆವೃತ್ತಿ ಅಂತ ಖಾತ್ರಿ ಇರಲಿಲ್ಲ. ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’, ಮೂರೂ ಬೇರೆ ಬೇರೆ.

ಒಂದು ರವಿವಾರ ಟಿಕೋಟಾಗೆ ಹೋದೆ. ಕಾಕಾ ಅಟ್ಟದಿಂದ ನೋಟ್‌ಬುಕ್ ಇಳಿಸಿ ಕೊಟ್ಟರು, ಒಂದಕ್ಕೆ ಇರುವೆ ಹತ್ತಿತ್ತು. ಚಹಾ ಕುಡೀತಾ ಮೊದಲಿನಿಂದ ತಾಳೆ ನೋಡೋಕೆ ಕುಂತೆ. 2020ರಲ್ಲಿ ನಾನು ಮೊಬೈಲ್‌ನಲ್ಲಿ ಫೋಟೋ ಹೊಡ್ಕೊಂಡು ಮನೆಯಲ್ಲಿ ತುಂಬಿದ್ದೆ, ಕಾಕಾ ಎದುರು ಇರಲಿಲ್ಲ. ಈ ಸಲ ಎದುರು ಕುಂತಿದ್ದರು.

“ಕಾಕಾ, ಇದು 140 ಅಂತ ಬರ್ದೀರಿ, ಇದರ ಹಿಂದಿನದು 165. ಒಂದೇ ವಾರದಾಗ ಇಷ್ಟು ಹೆಂಗ ಬಿತ್ತು?”

ಕಾಕಾ ಚಷ್ಮಾ ಏರಿಸಿ ನೋಡಿದರು. “ಬಿದ್ದಿಲ್ಲವಾ. 165 ಮನೂಕಾ, ಕಿಲೋಕ್ಕ. 140 ಹಸಿ ದ್ರಾಕ್ಷಿ, ಪೇಟಿಗೆ.”

ಪೇಟಿ ಅಂದ್ರೆ 4 ಕಿಲೋ. ಹಸಿ ದ್ರಾಕ್ಷಿ ರೇಟನ್ನ ನಮ್ಮ ಕಡೆ, ಸಾಂಗಲಿ ಕಡೆ 4 ಕಿಲೋ ಪೇಟಿ ಲೆಕ್ಕದಾಗೂ ಹೇಳ್ತಾರೆ. ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಬೇಕು. ಹಂಗಾಗಿ ಪೇಟಿ ರೇಟು, ಒಣದ್ರಾಕ್ಷಿ ಕಿಲೋ ರೇಟು, ಎರಡೂ ನೋಡೋಕೆ ಒಂದೇ ಆಸುಪಾಸಿನ ಅಂಕಿ. ಒಂದು 35, ಇನ್ನೊಂದು 165 ಇದ್ದಿದ್ದರೆ ನಾನು ಆವತ್ತೇ ಹಿಡೀತಿದ್ದೆ. 140 ನೋಡಿದಾಗ ಸಂಶಯವೇ ಬರಲಿಲ್ಲ. ಕಾಕಾ ಎಲ್ಲಾ ಮಾಲನ್ನ ಒಣಗಿಸ್ತಾರೆ ಅಂತ ನಾನು ತಿಳ್ಕೊಂಡಿದ್ದೆ, ರೊಕ್ಕದ ಅಡಚಣೆ ಬಂದ ವರ್ಷ ಒಂದಿಷ್ಟು ಹಸಿ ಮಾಲನ್ನೇ ಕೊಟ್ಟುಬಿಡ್ತಿದ್ದರು. ಅದು ನೋಟ್‌ಬುಕ್‌ನಲ್ಲಿ ಬರೆದಿರಲಿಲ್ಲ, ಅವರಿಗೆ ಬರೆಯೋ ಜರೂರಿಯೂ ಇರಲಿಲ್ಲ.

ಏಳೆಂಟು ವರ್ಷದಲ್ಲಿ ಇಂಥ 31 ಸಾಲು ಸಿಕ್ಕವು. ಎಲ್ಲ ಒಣದ್ರಾಕ್ಷಿ ಅಂತ ಹಳೇ ಮಾಡೆಲ್ ಕಲಿತಿತ್ತು. ಹೆಚ್ಚಿನವು ಫೆಬ್ರುವರಿ, ಮಾರ್ಚ್‌ನವು, ಹಸಿ ದ್ರಾಕ್ಷಿ ಬರೋದೇ ಆಗ. ಅಂದ್ರೆ ಮಾರ್ಚ್‌ನಲ್ಲಿ ಒಣದ್ರಾಕ್ಷಿ ರೇಟು ಬೀಳ್ತದೆ, ಆಮೇಲೆ ಏರ್ತದೆ ಅಂತ ಆ ಮಷೀನ್ ನಂಬಿತ್ತು. ಅದಕ್ಕೇ ಅದು ಪ್ರತಿ ಸಲ ‘ತಡೀರಿ, ಏರ್ತದೆ’ ಅನ್ನೋ ಥರ ಅಂಕಿ ಕೊಡ್ತಿತ್ತು. ಕಾಕಾ ಒಂದು ವರ್ಷ ಕೋಲ್ಡ್ ಸ್ಟೋರೇಜ್ ಬಾಡಿಗೆ ಮೈಮೇಲೆ ಹಾಕ್ಕೊಂಡಿದ್ದು ಈ ಅಂಕಿ ನಂಬಿ.

ಇದನ್ನ ಕಾಕಾಗೆ ಹೇಳೋದೋ ಬೇಡವೋ ಅಂತ ಬಹಳ ಹೊತ್ತು ಸುಮ್ಮನೆ ಕುಂತೆ. ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಕ್ಕರು. “ನಾ ಅವಾಗ ಕೇಳಿದ್ನಲ್ಲವಾ, ನಿನ್ನ ಮಷೀನ್ ಯಾವಾಗ್ಲೂ ತಡಿ ತಡಿ ಅಂತೈತಿ, ಯಾಕ ಅಂತ.” ಕೇಳಿದ್ದು ಖರೆ. ಅದು ಕಂಪ್ಯೂಟರ್ ಲೆಕ್ಕ ಕಾಕಾ, ನಿಮಗ ತಿಳಿಯೂದಿಲ್ಲ ಅಂತ ನಾನೇ ಅಂದಿದ್ದೆ.

ಹಳೇ ಪ್ಲಾಟ್‌ಫಾರ್ಮ್ ಬಂದ್ ಆಗದೇ ಇದ್ದಿದ್ದರೆ? ಅಥವಾ ನಾವು ವೇಳೆಗೆ ಸರಿಯಾಗಿ ಮಾಡೆಲ್ ಎತ್ತಿಕೊಂಡು ಹೊಸ ಕಡೆ ಇಟ್ಟಿದ್ದರೆ? ಆ 31 ಸಾಲು ಅದರೊಳಗೆ ಕೂತು ಹಂಗೇ ಮುಂದೆ ಬರ್ತಿದ್ದವು. ಭೂಮಿಯಲ್ಲೂ ಕೈಬರಹದ ತಪ್ಪು ಕಂಪ್ಯೂಟರಿಗೆ ಹಂಗೇ ಬಂದು, ತಿದ್ದುಪಡಿಗೆ ಅರ್ಜಿ ಹಾಕಿ ಅಲೆದವರ ಕಥೆ ನಮ್ಮ ಭಾಗದಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ. ತಾಳೆ ನೋಡಿದ ಕಡೆ ತಪ್ಪು ಹೊರಗೆ ಬಂತು, ನೋಡದ ಕಡೆ ಅಚ್ಚಾಗಿ, ಸರ್ಕಾರಿ ಮುದ್ರೆ ಬಿದ್ದು, ಮೊದಲಿಗಿಂತ ಗಟ್ಟಿ ಆಯಿತು.

ಹೊಸ ಪ್ಲಾಟ್‌ಫಾರ್ಮ್‌ನಲ್ಲಿ ಮತ್ತೆ ಕಟ್ಟಿದೆವು. ಗೆಳತಿ ಪುಣೆಯಿಂದ ವಿಡಿಯೋ ಕಾಲ್‌ನಲ್ಲಿ, ನಾನು ಇಲ್ಲಿಂದ. ಮೂರು ರಾತ್ರಿ ಹಿಡೀತು. ಅರ್ಧ ಹೊತ್ತು ಹೊಸದರಲ್ಲಿ ಯಾವುದಕ್ಕೆ ಏನಂತಾರೆ ಅಂತ ಹುಡುಕೋದರಲ್ಲೇ ಹೋಯಿತು. ಕಾರ್ಡ್ ಆಕೆಯದು, ಖರ್ಚು ಇಬ್ಬರದೂ. ಕೆಲಸ ಮುಗಿದ ಕೂಡಲೇ ಎಂಡ್‌ಪಾಯಿಂಟ್ ಬಂದ್ ಮಾಡಿಬಿಟ್ಟೆವು, ಅದು ಸುಮ್ಮನೆ ಕೂತರೂ ಮೀಟರ್ ಓಡ್ತದೆ. ಈ ಸಲ ಮಾಡೆಲ್ ಕಡತ, ಕೋಡ್, ಎಕ್ಸೆಲ್, ಮೂರೂ ಪೆನ್‌ಡ್ರೈವ್‌ನಲ್ಲಿವೆ. ಮೇಲ್ ಬರೋದು ನಾನು ದಿನಾ ತೆರೆಯೋ ಐಡಿಗೆ.

ಹೊಸ ಮಾಡೆಲ್‌ಗೆ ಹಳೇದರಷ್ಟು ಧೈರ್ಯ ಇಲ್ಲ. ರೇಟು ಇಷ್ಟಿಂದ ಇಷ್ಟು ಅಂತ ಹೇಳೋ ಆ ಅಂತರ ಬಹಳ ಅಗಲ ಆಗಿದೆ, ತಡೀರಿ ಅಂತಲೂ ಇಲ್ಲ, ಮಾರ್ರಿ ಅಂತಲೂ ಇಲ್ಲ. ಅದನ್ನೇ ಕಾಕಾಗೆ ಫೋನ್ ಮಾಡಿ ಹೇಳಿದೆ.

“ಹಂಗಾರ ನಿನ್ನ ಮಷೀನ್‌ಗೂ ಗೊತ್ತಿಲ್ಲ,” ಅಂದರು.

“ಗೊತ್ತಿಲ್ರಿ ಕಾಕಾ.”

“ಆತು ಬಿಡು.”

ಅರ್ಧ ಮಾಲು ಮಾರಿದರು, ಅರ್ಧ ಸ್ಟೋರೇಜ್‌ಗೆ ಹಾಕಿದರು. ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ನೋಟ್‌ಬುಕ್‌ನ ಹೊಸ ಪುಟದ ಫೋಟೋ ಕಳಿಸಿದ್ದರು. ಪ್ರತಿ ರೇಟಿನ ಮುಂದೆ ಸಣ್ಣ ಅಕ್ಷರದಲ್ಲಿ ‘ಕಿ’ ಅಥವಾ ‘ಪೇ’ ಅಂತ ಬರೆದಿದೆ.